ಏಳದವರ ಬೆಂಚು

ನಮ್ಮೂರಿನ ಕ್ಷೌರದಂಗಡಿಗಳಲ್ಲಿ ಹಾಡುವ ಹಾಗಿಲ್ಲ. ಕತ್ತಿ ಗಂಟಲ ಮೇಲಿರುವಾಗ ಯಾರಾದರೂ ಸೊಗಸಾಗಿ ಒಂದು ಸಾಲು ಎಳೆದರೆ, ಕೂತವನು ಕುರ್ಚಿ ಬಿಟ್ಟು ಒಂದು ಗೇಣು ಮೇಲೆ ಹೋಗುತ್ತಾನೆ. ಮದುವೆಗಳಲ್ಲಿ ತಾಳಿ ಕಟ್ಟಿ ಮುಗಿಯುವವರೆಗೆ ಸ್ವಲ್ಪ ಸುಮಾರಾಗಿ ನುಡಿಸಿ ಎಂದು ವಾಲಗದವರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಜೋಗುಳ ಚೆನ್ನಾಗಿ ಬರುವ ತಾಯಂದಿರು ತೊಟ್ಟಿಲಿನ ಮೇಲೆ ಅಡ್ಡಲಾಗಿ ಒಂದು ಪಂಚೆ ಕಟ್ಟಿಯೇ ಹಾಡಲು ಶುರುಮಾಡುತ್ತಾರೆ. ಒಳ್ಳೆಯ ಹಾಡು ಕೇಳಿದರೆ ಕೇಳಿದವರು ಮೇಲೇಳುತ್ತಾರೆ, ಹಾಡು ನಿಂತರೆ ಮೆಲ್ಲಗೆ ಇಳಿಯುತ್ತಾರೆ. ಹಾಡುವವರು ಮಾತ್ರ ಏಳುವುದಿಲ್ಲ. ರೇಡಿಯೋ ಹಾಕಿದರೆ ಯಾರೂ ಏಳುವುದಿಲ್ಲ. ಇದು ನಮ್ಮ ಅಜ್ಜಂದಿರ ಕಾಲಕ್ಕೂ ಹೀಗೇ ಇತ್ತಂತೆ.

ನನ್ನದು ಹೊಲಿಗೆ ಅಂಗಡಿ. ಪಂಚೆಯ ಅಂಚಿಗೆ, ಸೀರೆಯ ನೆರಿಗೆಯ ಕೆಳಗೆ, ಪಾದಕ್ಕೆ ಸಿಕ್ಕಿಸಿಕೊಳ್ಳುವ ಪಟ್ಟಿ ಹೊಲಿಯುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಹೆಸರು. ಮೇಲೆ ಹೋದಾಗಲೂ ಮಾನ ಉಳಿಯಬೇಕಲ್ಲ. ಹಾಗೆ ಸಂಗೀತ ಕೇಳುವವರ ಪರಿಚಯ ಬೆಳೆದು, ಬೇರೆ ಯಾರೂ ಒಪ್ಪದಿದ್ದಾಗ ನನ್ನನ್ನೇ ಸುಸ್ವರ ಸಭಾದ ಅಧ್ಯಕ್ಷೆ ಮಾಡಿದರು. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ.

ನಾನು ಅಧ್ಯಕ್ಷೆಯಾದ ವರ್ಷವೇ ಬೇಸಿಗೆಯ ಬಿರುಗಾಳಿಗೆ ಸಭಾಂಗಣದ ಚಾವಣಿ ಹಾರಿಹೋಯಿತು. ಎತ್ತರದ ಮರದ ಚಾವಣಿ ಅದು. ತಲೆ ತಾಗಬಾರದೆಂದು ಹಿರಿಯರು ತೊಲೆತೊಲೆಗೂ ಹತ್ತಿಯ ದಿಂಬು ಕಟ್ಟಿಸಿದ್ದರು. ಗೋಡೆಗಳು ನಿಂತವು, ಕಂಬಗಳು ಬಿರುಕು ಬಿಟ್ಟವು, ಮೇಲೆ ಬರೀ ಆಕಾಶ. ಚಾವಣಿ ಇಲ್ಲದ ಕಡೆ ಒಳ್ಳೆಯ ಸಂಗೀತ ಇಡಿಸುವುದು ಹುಡುಗಾಟವಲ್ಲ. ಜನ ಎಲ್ಲಿಯವರೆಗೆ ಹೋಗುತ್ತಾರೆ ಎಂದು ಯಾರು ಹೇಳಬೇಕು? ಹಾಗಾಗಿ ಸಾಧಾರಣ ಸಂಗೀತಗಾರರನ್ನು ಹುಡುಕಿ ಕರೆತರುವುದು ನನ್ನ ಕೆಲಸವಾಯಿತು. ಅದು ಅಂದುಕೊಂಡಷ್ಟು ಸುಲಭವಲ್ಲ. ಪಕ್ಕದೂರಿನ ಒಬ್ಬ ಹಾರ್ಮೋನಿಯಂ ಮೇಷ್ಟ್ರು, ಎಲ್ಲ ರೀತಿಯಿಂದಲೂ ಸಾಧಾರಣ ಎಂದು ವಿಚಾರಿಸಿಯೇ ಕರೆಸಿದ್ದೆವು, ಮೂರನೆಯ ಹಾಡಿನಲ್ಲಿ ಅದೇನು ಬಂತೋ, ಒಂದು ಸಾಲನ್ನು ಎದೆ ಕರಗುವ ಹಾಗೆ ಹಾಡಿಬಿಟ್ಟರು. ಶಾಲೆಯ ಟೀಚರೊಬ್ಬರು ಗೋಡೆಯ ಮಟ್ಟ ದಾಟಿ ಹೋದರು. ಮಾವಿನಕಾಯಿ ಕೀಳುವ ದೋಟಿ ತಂದು ಅವರ ಚೀಲದ ಪಟ್ಟಿಗೆ ಸಿಕ್ಕಿಸಿ ಎಳೆಯಬೇಕಾಯಿತು. ಅಂದಿನಿಂದ ಯಾರಾದರೂ ಚೆನ್ನಾಗಿ ಹಾಡುವ ಸೂಚನೆ ಕಂಡರೆ ನಾನು ಜೋರಾಗಿ ಕೆಮ್ಮುತ್ತಿದ್ದೆ.

ನಮ್ಮೂರಿನ ನಿಜವಾದ ಹಾಡುಗಾರ್ತಿ ಎಂದರೆ ಮುಕ್ತಾ. ಅಣ್ಣನ ಜೊತೆ ಬೇಕರಿ ನಡೆಸುತ್ತಾಳೆ, ಮೊಣಕೈವರೆಗೆ ಮೈದಾಹಿಟ್ಟು. ಅವಳು ಬಾಯಿ ತೆರೆದರೆ ಹಳೆಯ ಚಾವಣಿಯ ದಿಂಬುಗಳೇ ಸಾಲುತ್ತಿರಲಿಲ್ಲ. ‘ಚಾವಣಿ ಆಗುವವರೆಗೆ ಸ್ವಲ್ಪ ತಡಕೋ ತಾಯಿ, ಇಲ್ಲವಾದರೆ ಒಂಚೂರು ಕೆಟ್ಟದಾಗಿ ಹಾಡು’ ಎಂದು ನಾನೇ ಹೋಗಿ ಬೇಡಿಕೊಂಡಿದ್ದೆ. ‘ಕೆಟ್ಟದಾಗಿ ಹಾಡೋಕೆ ನಾನು ಕಲ್ತಿಲ್ಲ ಅಕ್ಕ. ಸುಮ್ಮನಿರೋದು ಬೇಕಾದ್ರೆ ಕಲೀತೀನಿ’ ಎಂದಿದ್ದಳು. ಅಂದಿನಿಂದ ಅವಳು ಸುಮ್ಮನಿದ್ದಳು, ಅವಳ ಬನ್ನುಗಳೂ ಯಾಕೋ ಸಪ್ಪೆಯಾಗಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಧರಣೇಂದ್ರಯ್ಯನವರು ಅಂಗಡಿಗೆ ಬಂದರು. ಹೊಳೆಯಾಚೆಯ ಹೆಂಚಿನ ಕಾರ್ಖಾನೆ ಅವರದು. ಮಕ್ಕಳ ಸಂಗೀತ ಪಾಠ ನಡೆಯುತ್ತಿದ್ದದ್ದೇ ಅವರ ಕೊಡುಗೆಯಿಂದ. ಪ್ರತಿ ಕಛೇರಿಗೂ ಮುಂದಿನ ಸಾಲಿನಲ್ಲಿ ಕೂರುವವರು. ಒಂದು ದಿನವೂ, ಒಂದು ಬೆರಳಿನಷ್ಟೂ ಮೇಲೆ ಎದ್ದವರಲ್ಲ. ಎಲ್ಲರೂ ತೇಲುವಾಗ ಅವರೊಬ್ಬರು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು. ಪಡ್ಡೆ ಹುಡುಗರು ಅವರಿಗೆ ಒರಳುಕಲ್ಲು ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು.

‘ಜುಬ್ಬ ಹೊಲಿಸಬೇಕಿತ್ತಮ್ಮ’ ಎಂದರು. ಅಳತೆ ತೆಗೆಯುತ್ತಿದ್ದಂತೆ, ‘ಸಭಾದ ಚಾವಣಿ ಪೂರ್ತಿ ನಾನೇ ಮಾಡಿಸಿಕೊಡ್ತೀನಿ. ಮರ, ಹೆಂಚು, ಕೂಲಿ ಎಲ್ಲ’ ಎಂದರು.

ನನ್ನ ಕೈಯಿಂದ ಟೇಪು ಜಾರಿತು. ‘ಯಜಮಾನ್ರೇ! ನಿಮ್ಮ ಹೊಟ್ಟೆ ತಣ್ಣಗಿರಲಿ.’

‘ಪೂರ್ತಿ ಕೇಳು. ಉದ್ಘಾಟನೆ ದಿನ ಮುಕ್ತಾ ಹಾಡಬೇಕು. ಅವಳು ಹಾಡುವಾಗ ನಾನೂ ಏಳಬೇಕು.’

‘ಏಳ್ತೀರಿ ಯಜಮಾನ್ರೇ. ದೇವರು ದೊಡ್ಡವನು.’

‘ದೇವರನ್ನ ಇದಕ್ಕೆ ಎಳೀಬೇಡ. ಗುರುಲಿಂಗನ ಹತ್ರ ನಾಟಕದ ತಂತಿ ಇದೆಯಲ್ಲ, ನಾರದನ್ನ ಹಾರಿಸೋದು. ಅದನ್ನ ಜುಬ್ಬದ ಒಳಗೆ ಕಟ್ಟಿದರಾಯ್ತು. ಹೊಸ ಚಾವಣಿಯಲ್ಲಿ ಒಂದು ಗಾಲಿ ಇಡಿಸ್ತೀನಿ. ಅದಕ್ಕೆ ತಕ್ಕ ಹಾಗೆ ಜುಬ್ಬ ಹೊಲಿ. ಒಂದೇ ಸಲ. ಮತ್ತೆ ಕೇಳಲ್ಲ.’

ನಾನು ಟೇಪನ್ನು ಎತ್ತಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದೆ. ಊರವರ ನಗುವಿಗೆ ಇಷ್ಟು ತಲೆ ಕೆಡಿಸಿಕೊಳ್ಳುವವರಲ್ಲ ಅವರು. ಅದನ್ನೇ ಹೇಳಿದೆ.

‘ಊರವರು ಬಿಡು’ ಎಂದರು. ಸ್ವಲ್ಪ ಹೊತ್ತು ಗುಂಡಿಗಳ ಡಬ್ಬಿಯಲ್ಲಿ ಬೆರಳಾಡಿಸಿದರು. ‘ಸುನಂದಾ ಎಷ್ಟು ಚೆನ್ನಾಗಿ ಏಳ್ತಾಳೆ, ನೋಡಿದ್ದೀಯಲ್ಲ. ಆಲಾಪ ಶುರುವಾದ್ರೆ ಎಲ್ಲರಿಗಿಂತ ಮೊದಲು ಅವಳೇ. ಮನೆಗೆ ಹೋಗುವಾಗ ಪಕ್ಕದಲ್ಲಿ ಸುಮ್ಮನೆ ನಡೀತಾಳೆ. ಮೇಲೆ ಹೇಗಿತ್ತು, ಏನನ್ನಿಸ್ತು, ಒಂದು ಮಾತೂ ಆಡಲ್ಲ, ನನಗೆಲ್ಲಿ ನೋವಾಗುತ್ತೋ ಅಂತ. ಮದುವೆಯಾದಾಗಿನಿಂದ ಹೀಗೇ. ಒಂದು ಸಲ ಅವಳ ಪಕ್ಕ ಕೂತ್ಕೋಬೇಕು ಕಣಮ್ಮ, ಅಲ್ಲಿ, ಮೇಲೆ. ಅವಳಿಗೆ ಈ ತಂತಿ ವಿಚಾರ ಗೊತ್ತಾಗಬಾರದು.’

ಅವರು ಹೋದ ಮೇಲೆ ನಾನು ಒಂದು ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದೆ.

ಸಭಾದ ಸಮಿತಿಯಲ್ಲಿ ಈ ಮಾತು ಇಟ್ಟಾಗ ಎಲ್ಲರ ಮುಖ ದೀಪಾವಳಿಯಾಯಿತು. ಉಪಾಧ್ಯಕ್ಷ ಗುರುಲಿಂಗಣ್ಣ ನಾಟಕದ ಪರದೆ, ಕಿರೀಟ, ತಂತಿ ಬಾಡಿಗೆಗೆ ಕೊಡುವವನು. ಪ್ರತಿ ಕಛೇರಿಯಲ್ಲೂ ಬಾಗಿಲಲ್ಲಿ ನಿಂತು ಜನರನ್ನು ಸಾಲು ಮಾಡುವವನು. ಅವನಂತೂ ಎದ್ದೇ ನಿಂತ. ‘ಇದರಲ್ಲಿ ಯೋಚನೆ ಮಾಡೋದೇನಿದೆ ಶಾಂಭವಕ್ಕ? ಸಭಾಕ್ಕೆ ಚಾವಣಿ, ಮಕ್ಕಳಿಗೆ ಪಾಠ, ಮುಕ್ತಾಗೆ ವೇದಿಕೆ, ವಯಸ್ಸಾದವರಿಗೆ ಒಂದು ಸಂತೋಷ. ಯಾರಿಗೆ ನಷ್ಟ? ಹೇಳಿ, ಯಾರಿಗೆ?’

ನಿಜಕ್ಕೂ ಯಾರಿಗೂ ನಷ್ಟವಿದ್ದಂತೆ ಕಾಣಲಿಲ್ಲ. ಒಲ್ಲೆ ಎನ್ನಲು ಮನಸ್ಸೂ ಇರಲಿಲ್ಲ; ಚಾವಣಿ ಹೋದ ಮೇಲೆ ಮಕ್ಕಳು ಮಳೆಗಾಲದಲ್ಲಿ ನನ್ನ ಅಂಗಡಿಯ ಜಗುಲಿಯಲ್ಲಿ ಕೂತು, ಹೊಲಿಗೆ ಯಂತ್ರದ ಸದ್ದಿನ ಮಧ್ಯೆ ಸರಳೆ ಹೇಳುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ‘ಮೊದಲು ತಂತಿ ಕಟ್ಟಿ ನೋಡೋಣ. ಆಮೇಲೆ ಹೇಳ್ತೀನಿ’ ಎಂದೆ.

ಭಾನುವಾರ ಬೆಳಿಗ್ಗೆ ಸಭಾಂಗಣದ ಗೋಡೆಯಿಂದ ಗೋಡೆಗೆ ಒಂದು ತೊಲೆ ಅಡ್ಡ ಹಾಕಿ, ಗಾಲಿ ಕಟ್ಟಿ, ಗುರುಲಿಂಗಣ್ಣ ತಾನೇ ತಂತಿ ಸಿಕ್ಕಿಸಿಕೊಂಡ. ಸಮಿತಿಯ ಇಬ್ಬರು ಹಿಂದಿನಿಂದ ಎಳೆದರು. ಆಸಾಮಿ ಮೇಲೆ ಹೋದ, ಆದರೆ ಹೊಟ್ಟೆ ಮುಂದೆ, ತಲೆ ಹಿಂದೆ. ಅಷ್ಟು ಸಾಲದೆಂದು ಗಿರಗಿರನೆ ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ‘ತಿರುಗಿಸ್ರೋ! ನನ್ನ ಈ ಕಡೆ ತಿರುಗಿಸ್ರೋ! ಆನಂದವಾಗಿರೋ ಹಾಗೆ ಕಾಣ್ತಿದೀನಾ?’ ಎಂದು ಗೋಡೆಗೇ ಕೂಗಿದ. ಎಳೆಯುವವರಿಗೆ ನಗು ತಡೆಯದೆ ಹಗ್ಗ ಸಡಿಲವಾಗಿ, ಅವನು ಧೊಪ್ಪನೆ ಮರಳಿನ ಮೂಟೆಯ ಮೇಲೆ ಬಿದ್ದ. ಹಾಡಬೇಕಾದವಳು ಎಂದು ಮುಕ್ತಾಳನ್ನೂ ಕರೆದಿದ್ದೆವು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು. ಇದೆಲ್ಲ ಯಾರಿಗಾಗಿ ಎಂದು ನಾನು ಹೇಳಿದೆ. ಅವಳ ನಗು ಮೆಲ್ಲಗೆ ನಿಂತಿತು.

‘ಧರಣೇಂದ್ರಯ್ಯನವರಿಗಾ?’

‘ಹೂಂ. ಯಾಕೆ?’

‘ಅಕ್ಕ, ಹಾಡುವಾಗ ನನಗೇನು ಕಾಣುತ್ತೆ ಗೊತ್ತಾ? ಪಾದ. ಬರೀ ಪಾದ. ಒಂದು ಆಲಾಪ ಮುಗಿಯೋದರೊಳಗೆ ಮುಖಗಳೆಲ್ಲ ಮೇಲೆ ಹೋಗಿಬಿಡ್ತವೆ. ಒಡೆದ ಹಿಮ್ಮಡಿ, ಕಾಲುಂಗುರ, ನೀವು ಹೊಲಿದ ಪಟ್ಟಿ, ಇಷ್ಟೇ. ಅದರ ಮಧ್ಯೆ ಒಂದು ಮುಖ ಉಳಿದಿರುತ್ತೆ. ಅವರದು. ನಾನು ಒಂದು ಸ್ವರವನ್ನ ಬೇಗ ಬಿಟ್ಟರೆ ಅವರ ಹುಬ್ಬು ಚೂರು ಗಂಟಾಗುತ್ತೆ. ಮುಂದಿನ ಸಲ ಅದನ್ನೇ ಸರಿಯಾಗಿ ಹಿಡಿದರೆ ಗಂಟು ಬಿಚ್ಚುತ್ತೆ. ನಾನು ಇಷ್ಟು ವರ್ಷ ಹಾಡಿರೋದೇ ಆ ಹುಬ್ಬನ್ನ ನೋಡಿಕೊಂಡು.’ ಅವಳು ತೂಗಾಡುತ್ತಿದ್ದ ಖಾಲಿ ತಂತಿಯನ್ನು ನೋಡಿದಳು. ‘ನೀವು ಹಾಡು ಅಂದರೆ ಹಾಡ್ತೀನಿ. ಆದರೆ ಅವರನ್ನೂ ಮೇಲೆತ್ತಿಬಿಟ್ಟರೆ ನಾನು ಯಾರನ್ನ ನೋಡಿಕೊಂಡು ಹಾಡಲಿ?’

ಅಂದು ಮಧ್ಯಾಹ್ನವೆಲ್ಲ ನಾನು ಬಟ್ಟೆ ಕತ್ತರಿಸುತ್ತ ಅದನ್ನೇ ಯೋಚಿಸಿದೆ. ನಮ್ಮೂರಿನಲ್ಲಿ ಸುಳ್ಳಿಗೇನು ಬರವಿಲ್ಲ. ಹಾಲಿಗೆ ನೀರು, ಮಾತಿಗೆ ಸಕ್ಕರೆ ಎಲ್ಲ ಕಡೆಯ ಹಾಗೆ ಇಲ್ಲೂ ಬೆರೆಯುತ್ತದೆ. ಏಳುವುದೊಂದೇ ಯಾರಿಗೂ ಬೇಕೆಂದಾಗ ಬರದೆ, ಬೇಡವೆಂದಾಗ ನಿಲ್ಲದೆ ಉಳಿದಿದ್ದದ್ದು. ನಾಳೆ ಒಂದು ಮಗು ತನ್ನ ಜೀವನದಲ್ಲಿ ಮೊದಲ ಸಲ ಜಮಖಾನೆ ಬಿಟ್ಟು ಮೇಲೆದ್ದಾಗ ಪಕ್ಕದವರು ಆ ಮಗುವಿನ ಮುಖ ನೋಡಬೇಕೋ, ತಲೆಯ ಮೇಲೆ ತಂತಿ ಇದೆಯೇ ಎಂದು ನೋಡಬೇಕೋ? ಯಾರಿಗೆ ನಷ್ಟ ಎಂದು ಗುರುಲಿಂಗಣ್ಣ ಕೇಳಿದ್ದಕ್ಕೆ ಇದು ಉತ್ತರವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಗಂಡ ಮೇಲೆ ಬಂದರೆಂದು ಸುನಂದಮ್ಮ ಅಳುನಗು ಒಟ್ಟಿಗೆ ಬಂದು ಅವರ ಕೈ ಹಿಡಿಯುವುದು, ಆ ಕೈಗೆ ಜುಬ್ಬದ ಒಳಗಿನ ತಂತಿ ತಾಗುವುದು ನನ್ನ ಕಣ್ಣ ಮುಂದೆ ಬಂತು. ಅಂಥ ಜುಬ್ಬ ನನ್ನ ಕೈಯಿಂದ ಹೊಲಿಯಲಾಗದು.

ಮರುದಿನ ಹೊಳೆ ದಾಟಿ ಕಾರ್ಖಾನೆಗೆ ಹೋದೆ. ಧರಣೇಂದ್ರಯ್ಯನವರು ಸುಟ್ಟು ಗೂಡಿನಿಂದ ತೆಗೆದ ಹೆಂಚುಗಳ ರಾಶಿಯ ಮುಂದೆ ಸ್ಟೂಲು ಹಾಕಿ ಕೂತು, ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, ಈ ಕಡೆಗೋ ಆ ಕಡೆಗೋ ಇಡುತ್ತಿದ್ದರು. ಸದ್ದು ಕೇಳಿಯೇ ಒಳಬಿರುಕು ತಿಳಿಯುತ್ತದಂತೆ. ನನ್ನ ಕಿವಿಗೆ ಎಲ್ಲವೂ ಒಂದೇ.

‘ಜುಬ್ಬ ಆಯ್ತಾ?’ ಎಂದರು.

‘ಜುಬ್ಬ ಹೊಲಿದು ಕೊಡ್ತೀನಿ ಯಜಮಾನ್ರೇ, ಆದರೆ ಮಾಮೂಲಿ ಜುಬ್ಬ. ತಂತಿ ಆಗಲ್ಲ.’

ಅವರ ಕೈ ಹೆಂಚಿನ ಮೇಲೇ ನಿಂತಿತು. ನಾನು ಯೋಚಿಸಿದ್ದನ್ನೆಲ್ಲ ಹೇಳಿದೆ. ಮಗುವಿನ ಮಾತು, ಸುನಂದಮ್ಮನ ಕೈಯ ಮಾತು. ಮುಕ್ತಾ ಹೇಳಿದ ಹುಬ್ಬಿನ ವಿಷಯವನ್ನೂ ಹೇಳಿದೆ.

‘ಸಮಾಧಾನಕ್ಕೆ ಹೇಳ್ತಿದೀಯ’ ಎಂದರು.

‘ಅಲ್ಲ.’

‘ಚಾವಣಿ ಬೇಡವಾ ನಿಮಗೆ?’

‘ತುಂಬ ಬೇಕು. ನೀವು ಕೊಟ್ಟರೆ ಕಾಲಿಗೆ ಬಿದ್ದು ತಗೋತೀನಿ. ಇದಕ್ಕೆ ಬದಲಾಗಿ ಮಾತ್ರ ಆಗಲ್ಲ.’

ಅವರು ಇನ್ನೊಂದು ಹೆಂಚು ಎತ್ತಿಕೊಂಡು ತಟ್ಟಿದರು. ನನ್ನತ್ತ ನೋಡಲಿಲ್ಲ. ‘ಬಿಸಿಲೇರ್ತಿದೆ, ಹೋಗಿ ಬಾಮ್ಮ’ ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬೈಗುಳವನ್ನು ಸಮಿತಿ ತುಂಬಿಕೊಟ್ಟಿತು. ‘ನಿಮ್ಮ ಸತ್ಯಸಂಧತೆಯ ಕೆಳಗೆ ಮಕ್ಕಳನ್ನ ಕೂರಿಸಿ, ಮಳೆ ಬಂದರೆ ಅದೇ ಕೊಡೆ’ ಎಂದ ಗುರುಲಿಂಗಣ್ಣ. ‘ರಾಜೀನಾಮೆ ಕೊಡಿ’ ಎಂದರು ಇನ್ನೊಬ್ಬರು.

‘ಕೊಡ್ತೀನಿ’ ಎಂದೆ. ‘ಅದಕ್ಕೆ ಮೊದಲು ಒಂದು ಕಛೇರಿ ಮಾಡೋಣ. ಮುಕ್ತಾದು. ಚಾವಣಿ ಇಲ್ಲದೆ.’

ಎಲ್ಲರೂ ನನಗೆ ತಲೆ ಕೆಟ್ಟಿತೆಂದೇ ತಿಳಿದರು. ಜನರ ಜೀವದ ಜೊತೆ ಆಟವೇ ಎಂದರು. ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಿದ್ಧವಾಗುವ ತನಕ ನಾನೂ ಈ ಮಾತು ಎತ್ತಿರಲಿಲ್ಲ. ಪ್ರತಿಯೊಬ್ಬರ ಸೊಂಟಕ್ಕೂ ಒಂದು ಬಿಗಿಯಾದ ಪಟ್ಟಿ, ಪಟ್ಟಿಗೆ ಹಗ್ಗ. ಅದನ್ನು ಹೊಲಿಯುವುದು ನನ್ನ ಕೆಲಸ. ಮೊದಲು ನಾನೇ ಕಟ್ಟಿಕೊಂಡು ನೋಡುತ್ತೇನೆ. ಕಂಬಗಳಿಗೆ ಕಟ್ಟುವಂತಿಲ್ಲ, ಬಿರುಕು ಬಿಟ್ಟಿವೆ. ಹಗ್ಗ ಹಿಡಿಯಲು ಮನುಷ್ಯರೇ ಬೇಕು. ‘ಹಿಡಿಯುವವರು ಏಳಬಾರದು, ಎದ್ದರೆ ಕಥೆ ಮುಗೀತು’ ಎಂದೆ. ‘ಹಾಡು ಎಷ್ಟೇ ಚೆನ್ನಾಗಿದ್ದರೂ ಏಳದವರು ಬೇಕು. ಊರಲ್ಲಿ ಅಂಥವರು ಧರಣೇಂದ್ರಯ್ಯನವರೊಬ್ಬರೇ ಇರಲಿಕ್ಕಿಲ್ಲ.’

ಗುರುಲಿಂಗಣ್ಣ ಗಂಟಲು ಸರಿಮಾಡಿಕೊಂಡ.

‘ಒಂದು ಹಗ್ಗ ನನಗೆ ಕೊಡಿ.’

‘ಅಣ್ಣಾ, ನೀನಾ?’

‘ಮತ್ತೆ? ಇಷ್ಟು ವರ್ಷ ಬಾಗಿಲಲ್ಲಿ ನಿಂತು ಯಾರನ್ನ ಕಾಯ್ತಿದ್ದೆ ಅಂದುಕೊಂಡ್ರಿ? ನಮ್ಮೂರಲ್ಲಿ ಸಂಗೀತ ಕದಿಯೋಕೆ ಯಾರು ಬರ್ತಾರೆ?’ ಅವನ ಕಿವಿ ಕೆಂಪಾಗಿತ್ತು. ‘ಎಲ್ಲರೂ ಮೇಲೆ ಹೋದಾಗ ನಾನೊಬ್ಬ ನೆಲದಲ್ಲಿ ಕೂತರೆ ನೋಡೋಕೆ ಚೆನ್ನಾಗಿರುತ್ತಾ? ನಿಂತಿದ್ದರೆ ಡ್ಯೂಟಿ ಅಂದುಕೊಳ್ತಾರೆ.’

ನಾನು ನಗಬಾರದೆಂದುಕೊಂಡೆ. ಅವನೇ ಮೊದಲು ನಕ್ಕ. ನಂತರ ಅವನನ್ನೇ ಜೊತೆ ಮಾಡಿಕೊಂಡು ಮನೆಮನೆಗೆ ಹೋದೆ. ಏಳದವರು ಎಷ್ಟು ಜನ ಸಿಕ್ಕರು ಎನ್ನುತ್ತೀರಿ! ಪ್ರತಿ ಕಛೇರಿಯ ದಿನ ತಪ್ಪದೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಅಂಚೆಯವನು. ಆಲಾಪದ ಹೊತ್ತಿಗೆ ಸರಿಯಾಗಿ ಕಾಫಿ ವ್ಯವಸ್ಥೆ ನೋಡಲು ಎದ್ದುಹೋಗುತ್ತಿದ್ದ ನಾಟ್ಯದ ಟೀಚರು. ತುದಿಗಾಲಲ್ಲಿ ನಿಂತು ಉದ್ದನೆಯ ಲಂಗದಲ್ಲಿ ಅದನ್ನು ಮರೆಸುತ್ತಿದ್ದ ಅಕ್ಕತಂಗಿಯರು, ಅಕ್ಕನಿಗೆ ತಂಗಿಯ ವಿಷಯ ಗೊತ್ತಿಲ್ಲ, ತಂಗಿಗೆ ಅಕ್ಕನದು. ಪ್ರತಿಯೊಬ್ಬರೂ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಊರಲ್ಲಿ ತಾವೊಬ್ಬರೇ ಹೀಗೆ ಎಂದುಕೊಂಡೇ ಹೇಳಿದರು. ನೀವೊಬ್ಬರೇ ಅಲ್ಲ ಎಂದಾಗ ಅವರ ಮುಖ ಅರಳುವುದನ್ನು ನೋಡುವುದೇ ಒಂದು ಹಬ್ಬ. ಧರಣೇಂದ್ರಯ್ಯನವರ ಮನೆಗೆ ಮಾತ್ರ ಹೋಗಲು ನನಗೆ ಧೈರ್ಯ ಬರಲಿಲ್ಲ. ಆಮಂತ್ರಣ ಕಳಿಸಿದೆ, ಎಲ್ಲರಿಗೂ ಕಳಿಸುವ ಹಾಗೆ.

ಪರೀಕ್ಷೆಗೆಂದು ಮುಕ್ತಾ ಅರ್ಧ ಹಾಡು ಹಾಡಿದಳು, ಗುರುಲಿಂಗಣ್ಣ ಹಗ್ಗ ಹಿಡಿದ, ನಾನು ಗೋಡೆಯ ಮೇಲೆ ಕೂತಿದ್ದ ಪಾರಿವಾಳಗಳನ್ನು ಗಾಬರಿಗೊಳಿಸಿ ಕ್ಷೇಮವಾಗಿ ಇಳಿದೆ. ಪಟ್ಟಿ ಹಿಡಿಯಿತು. ಎರಡನೆಯ ಸಲ ಇನ್ನೂ ಮೇಲೆ ಹೋಗಿ ಬಂದೆ. ಆಮೇಲೆಯೇ ಊರಿಗೆ ಹೇಳಿದ್ದು.

ಕಛೇರಿಯ ದಿನ ಬಿಸಿಲು ಇಳಿಯುವ ಮೊದಲೇ ಜನ ಬಂದರು. ಏಳದವರು ಸಾಲಾಗಿ, ಒಬ್ಬೊಬ್ಬರೂ ನಾಲ್ಕೈದು ಹಗ್ಗದ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತರು. ಗಂಟು ಹಾಕುವ ರೀತಿಯ ಬಗ್ಗೆ ಆಗಲೇ ತಮ್ಮೊಳಗೆ ವಾದ ಶುರುಮಾಡಿದ್ದರು. ಮುಂದಿನ ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಮುಕ್ತಾ ತಂಬೂರಿ ಶ್ರುತಿ ಮಾಡುತ್ತ ಪದೇಪದೇ ಆ ಜಾಗವನ್ನೇ ನೋಡುತ್ತಿದ್ದಳು. ಅವಳು ಶ್ರುತಿ ಮುಗಿಸಿ, ಇನ್ನು ತಡ ಮಾಡುವಂತಿಲ್ಲ ಎಂಬಂತೆ ನನ್ನತ್ತ ತಿರುಗುವ ಹೊತ್ತಿಗೆ ಬಾಗಿಲಲ್ಲಿ ಸುನಂದಮ್ಮನ ದನಿ ಕೇಳಿತು.

‘ನಡೀರಿ ನಡೀರಿ. ತಂತಿ ಕಟ್ಟಿಸಿಕೊಂಡು ನನ್ನ ಪಕ್ಕ ಬರೋಕೆ ಹೊರಟಿದ್ರಂತೆ! ನಾರದನ ಹಾಗೆ ತಂಬೂರಿನೂ ಹಿಡ್ಕೊಂಡು ಬರ್ತಿದ್ರಾ?’

‘ಮೆಲ್ಲಗೆ ಮಾತಾಡೇ. ನಾನೇ ತಾನೇ ಹೇಳಿದ್ದು ನಿನಗೆ’ ಎನ್ನುತ್ತ ಧರಣೇಂದ್ರಯ್ಯನವರು ಹಿಂದೆ ಬಂದರು. ಮಾಮೂಲಿ ಜುಬ್ಬ. ನನ್ನ ಮುಂದೆ ನಿಂತು, ‘ಅವಳ ಹಗ್ಗ ಎಲ್ಲಿ? ಬೇರೆಯವರು ಹಿಡಿದರೆ ನನಗೆ ಸಮಾಧಾನ ಇರಲ್ಲ’ ಎಂದರು. ನಾನು ಕೊಟ್ಟೆ. ಅವರು ಹೋಗಿ ತಮ್ಮ ಜಾಗದಲ್ಲಿ ಕೂತರು.

ಮುಕ್ತಾ ಹಾಡಿದಳು. ಇಷ್ಟು ದಿನ ಸುಮ್ಮನಿದ್ದ ಗಂಟಲು ಮೊದಲ ಸ್ವರಕ್ಕೇ ತೆರೆದುಕೊಂಡಿತು. ಸುನಂದಮ್ಮ ಯಾವಾಗಿನಂತೆ ಎಲ್ಲರಿಗಿಂತ ಮೊದಲು ಹೋದರು, ಅವರ ಹಿಂದೆ ಮಕ್ಕಳು, ಆಮೇಲೆ ಇಡೀ ಊರು. ನಾನೂ ಹೋದೆ. ಹಳೆಯ ತೊಲೆಗಳಿದ್ದ ಎತ್ತರ ದಾಟಿದಾಗ ಒಬ್ಬರಿಗೊಬ್ಬರು ನೋಡಿಕೊಂಡೆವು. ಇದಕ್ಕಿಂತ ಮೇಲೆ ಯಾರೂ ಹೋಗಿರಲಿಲ್ಲ. ಗೋಡೆಗಳು ಕೆಳಗುಳಿದವು. ನಮ್ಮೂರಿನ ಮನೆಗಳ ಬೆನ್ನು ಕಂಡಿತು, ಒಣಹಾಕಿದ ಹಪ್ಪಳ, ಮರೆತ ಚೆಂಡುಗಳು, ಹೊಳೆ ತಿರುಗುವ ಕಡೆ ಸಂಜೆಯ ಬೆಳಕು. ಯಾರೋ ಅಜ್ಜಿ, ‘ಅಯ್ಯೋ, ನಮ್ಮನೆ ಬಾಗಿಲು ಹಾಕೇ ಇಲ್ಲ!’ ಎಂದಳು. ಹಾಡು ಮಾತ್ರ ನಮ್ಮ ಜೊತೆಗೇ ಮೇಲೆ ಬಂದಿತ್ತು.

ಕೆಳಗೆ ನೋಡಿದೆ. ಏಳದವರು ಮುಖ ಮೇಲೆ ಮಾಡಿ, ಗಾಳಿಪಟ ಬಿಟ್ಟವರ ಹಾಗೆ ಹಗ್ಗ ಬಿಡುತ್ತ ಎಳೆಯುತ್ತ, ‘ಎಡಕ್ಕೆ ಬಿಡು, ಅವರಿಬ್ಬರೂ ಸುತ್ತಿಕೊಳ್ತಿದಾರೆ!’ ಎಂದು ಪಿಸುಗುಡುತ್ತ ನಗುತ್ತಿದ್ದರು. ಧರಣೇಂದ್ರಯ್ಯನವರೊಬ್ಬರು ಮೇಲೆ ನೋಡುತ್ತಿರಲಿಲ್ಲ. ಹೆಂಡತಿಯ ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡು ಮುಕ್ತಾಳನ್ನೇ ನೋಡುತ್ತಿದ್ದರು. ಒಂದು ಸಲ ಅವಳು ಒಂದು ಜಾಗದಲ್ಲಿ ನಿಂತು, ಅದೇ ಸಾಲನ್ನು ಮತ್ತೆ ಹಿಂದಿನಿಂದ ಹಿಡಿದಳು. ಅವರ ತಲೆ ಅಲ್ಲಾಡಿತು. ಅವಳು ನಕ್ಕಳು. ನಾವೆಲ್ಲ ಇನ್ನೂ ಒಂದು ಆಳೆತ್ತರ ಮೇಲೆ ಹೋದೆವು.

ಹಾಡು ಮುಗಿದು ಇಳಿದ ಮೇಲೆ ಮುಕ್ತಾ ವೇದಿಕೆಯಿಂದ ನೇರವಾಗಿ ಅವರ ಹತ್ತಿರ ಬಂದಳು. ‘ಎರಡನೇದ್ರಲ್ಲಿ ನಿಷಾದ ಸರಿ ಹೋಯ್ತಾ?’

‘ಮೊದಲನೇ ಸಲ ಇಲ್ಲ. ಎರಡನೇ ಸಲ ಸರಿಹೋಯ್ತು’ ಎಂದರು. ಹೇಳಿದ ಮೇಲೆ ತಾವೇ ಬೆರಗಾದವರಂತೆ ನನ್ನತ್ತ ತಿರುಗಿದರು.

ಮನೆಗೆ ಹೋಗುವಾಗ ಆ ದಂಪತಿ ನನ್ನ ಮುಂದೆ ನಡೆಯುತ್ತಿದ್ದರು. ಸುನಂದಮ್ಮ ಒಂದೇ ಸಮ ಮಾತಾಡುತ್ತಿದ್ದರು. ‘ನಮ್ಮ ಕಾರ್ಖಾನೆ ಚಿಮಣಿ ತುದೀಲಿ ಗೂಡು ಕಟ್ಟಿದೆ ಕಣ್ರೀ ಒಂದು ಹಕ್ಕಿ! ಅಷ್ಟು ಹೊಗೆಯಲ್ಲಿ! ಆಮೇಲೆ ಹೊಳೆ ಇದೆಯಲ್ಲ, ಅದು ನಾವಂದುಕೊಂಡ ಹಾಗೆ ನೇರ ಇಲ್ಲ...’ ‘ಹೂಂ, ಆಮೇಲೆ?’ ಎನ್ನುತ್ತಿದ್ದರು ಧರಣೇಂದ್ರಯ್ಯ. ಅವರ ಮನೆಯ ತಿರುವು ಬಂದರೂ ಇಬ್ಬರೂ ತಿರುಗದೆ ನೇರ ನಡೆದುಹೋದರು.

ವಾರ ಕಳೆಯುವುದರೊಳಗೆ ಹೆಂಚು ತುಂಬಿದ ಲಾರಿ ಸಭಾದ ಮುಂದೆ ನಿಂತಿತು. ಡ್ರೈವರ್ ಪಕ್ಕದಲ್ಲಿ ಧರಣೇಂದ್ರಯ್ಯನವರೇ ಕೂತಿದ್ದರು. ‘ಇದಕ್ಕೆ ಬದಲು ಏನೂ ಬೇಡ’ ಎಂದರು. ನಾನು ಕೊಟ್ಟ ಮಾತಿನಂತೆ ಕಾಲಿಗೆ ಬೀಳಲು ಹೋದರೆ, ‘ಸೊಂಟ ಉಳುಕೀತು, ಏಳಮ್ಮ’ ಎಂದರು. ನನ್ನ ರಾಜೀನಾಮೆಯ ಮಾತನ್ನು ಯಾರೂ ಎತ್ತಲಿಲ್ಲ; ಹೊಸ ಜಗಳ ಶುರುವಾಗಿತ್ತು. ಈಗ ಯಾರಿಗೂ ಚಾವಣಿಯೇ ಬೇಡ! ಹೊಳೆ ತಿರುಗುವುದನ್ನು ನೋಡಿದವರಿಗೆ ಹತ್ತಿಯ ದಿಂಬಿಗೆ ತಲೆ ತಾಗಿಸಿಕೊಳ್ಳಲು ಮನಸ್ಸಿಲ್ಲ. ಮಹಾಸಭೆ ಕರೆದೆ. ಕೈ ಎತ್ತಿ ಎಂದರೆ ಚಾವಣಿ ಬೇಡ ಎಂಬುದಕ್ಕೆ ಊರೆಲ್ಲ ಕೈ ಎತ್ತಿತು. ಆಗ ಧರಣೇಂದ್ರಯ್ಯನವರು, ಅವರನ್ನು ಅಷ್ಟರಲ್ಲಿ ಸಮಿತಿಗೆ ಸೇರಿಸಿಕೊಂಡಿದ್ದೆವು, ಎದ್ದು ನಿಂತರು.

‘ಮೇಲೆ ಹೋಗೋರು ಬೇಕಾದ್ರೆ ನೆನೀರಿ, ಅದು ನಿಮ್ಮ ಸುಖ. ಹಾಡೋಳು ಯಾಕೆ ನೆನೀಬೇಕು? ತಂಬೂರಿ ಯಾಕೆ ನೆನೀಬೇಕು? ಕೆಳಗೆ ಕೂತು ನಿಮ್ಮ ಹಗ್ಗ ಹಿಡಿದವರು ಯಾಕೆ ನೆನೀಬೇಕು?’

ಹಿಂದಿನಿಂದ ಗುರುಲಿಂಗಣ್ಣ, ‘ಹಾಗೆ ಹೇಳಿ!’ ಎಂದು ಕೂಗಿದ. ಬಾಗಿಲಲ್ಲಲ್ಲ, ಕುರ್ಚಿಯಲ್ಲಿ ಕೂತು.

ಎರಡೂ ಕಡೆಯವರು ಸರಿಯೇ ಇದ್ದರು. ಬಹುಮತ ಎಣಿಸಿ ಮುಗಿಸಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಆದರೆ ಏಳದವರ ಸಂಖ್ಯೆ ಯಾವತ್ತೂ ಕಡಿಮೆಯೇ. ಅದಕ್ಕೆ ಎಣಿಸುವುದನ್ನು ಬಿಟ್ಟು ನಕ್ಷೆ ಬರೆಯಲು ಕೂತೆವು. ವೇದಿಕೆಯ ಮೇಲೆ, ಅದರ ಮುಂದಿನ ಒಂದು ಉದ್ದನೆಯ ಬೆಂಚಿನ ಮೇಲೆ ಹೆಂಚಿನ ಸೂರು, ಅದರಾಚೆ ಬಯಲು. ಬೆಂಚು ಏಳದವರದು. ಮಿಕ್ಕ ಹೆಂಚಿನಲ್ಲಿ ಮಕ್ಕಳ ಪಾಠಕ್ಕೆ ಒಂದು ಪುಟ್ಟ ಕೋಣೆ ಆಯಿತು. ನನ್ನ ಜಗುಲಿ ನನಗೆ ವಾಪಸು ಬಂತು.

ಮೊದಲ ಮಳೆಯ ದಿನವೇ ಅಲ್ಲಿ ಕಛೇರಿ. ಹನಿ ಬೀಳಲು ಶುರುವಾದಾಗ ಮುಕ್ತಾ ಹಾಡು ನಿಲ್ಲಿಸಲಿಲ್ಲ, ಯಾರೂ ಇಳಿಯಲೂ ಇಲ್ಲ. ನಾನು ಆವತ್ತು ಮೇಲಿನಿಂದಲೇ ನೋಡುತ್ತಿದ್ದೆ, ಮುಖಕ್ಕೆ ಮಳೆ ಹೊಡೆಯುತ್ತಿತ್ತು, ಪಕ್ಕದ ಮಕ್ಕಳು ಬಾಯಿ ತೆರೆದು ನೀರು ಹಿಡಿಯುತ್ತಿದ್ದರು. ಎಲ್ಲರಿಗಿಂತ ಮೊದಲು ಮೇಲಿರಬೇಕಾದ ಸುನಂದಮ್ಮ ಎಲ್ಲೂ ಕಾಣಲಿಲ್ಲ. ಗಾಬರಿಯಾಗಿ ಕೆಳಗೆ ಹುಡುಕಿದೆ. ಸೂರಿನ ಅಂಚಿನಲ್ಲಿ, ಬೆಂಚಿನ ತುದಿಯಲ್ಲಿ ಗಂಡನ ಪಕ್ಕ 'ಕೂತಿದ್ದರು': ಅಂದರೆ ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಮೈಯೆಲ್ಲ ಮೇಲಕ್ಕೆ ಎಳೆಯುತ್ತಿತ್ತು, ಎರಡೂ ಪಾದ ಗಾಳಿಯಲ್ಲಿ. ಧರಣೇಂದ್ರಯ್ಯನವರು ಆಕೆಯ ಹಗ್ಗ ಸುತ್ತಿಕೊಂಡ ತಮ್ಮ ಕೈಯನ್ನು ಆಕೆಯ ಕೈಯ ಮೇಲೆ ಒತ್ತಿ ಇಟ್ಟಿದ್ದರು. ಒಂದು ಇಡೀ ಹಾಡು ಅವರು ಹಾಗೇ ಇದ್ದರು.

ಹಾಡುಗಳ ಮಧ್ಯೆ ನಾವು ಇಳಿದಾಗ ಸುನಂದಮ್ಮ ನನ್ನನ್ನು ಕರೆದರು. ಕೈ ನೋವಿಗೆ ಬೆರಳು ಮಡಚಿ ಬಿಚ್ಚುತ್ತಿದ್ದರು.

‘ಶಾಂಭವಿ, ಮುಕ್ತಾ ಹಾಡುವಾಗ ಕಣ್ಣು ಮುಚ್ಚೋದೇ ಇಲ್ಲ ಕಣೇ! ನನಗೆ ಗೊತ್ತೇ ಇರಲಿಲ್ಲ. ಇವರನ್ನ ಎಷ್ಟು ಚೆಂದ ನೋಡಿಕೊಂಡು ಹಾಡ್ತಾಳೆ.’

‘ನಾನು ಹೇಳಿರಲಿಲ್ವಾ?’ ಎಂದರು ಧರಣೇಂದ್ರಯ್ಯ, ದೊಡ್ಡ ಮನುಷ್ಯರ ಹಾಗೆ.

ಮುಕ್ತಾ ಮುಂದಿನ ಹಾಡಿಗೆ ತಂಬೂರಿ ಎತ್ತಿಕೊಂಡಳು. ಸುನಂದಮ್ಮ ಮತ್ತೆ ಬೆಂಚು ಹಿಡಿದರು. ಮೊದಲ ಸ್ವರ ಬಂತು, ಅವರ ಹಿಮ್ಮಡಿ ನೆಲ ಬಿಟ್ಟಿತು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು, ಮಕ್ಕಳು ಆಗಲೇ ಕೇಕೆ ಹಾಕುತ್ತ ಮೇಲೆ ಹೋಗುತ್ತಿದ್ದರು. ಆಕೆ ಒಮ್ಮೆ ಅತ್ತ ನೋಡಿದರು, ಒಮ್ಮೆ ಗಂಡನತ್ತ.

‘ಸರಿ ಕಣ್ರೀ, ಹೋಗಿ ಬರ್ತೀನಿ’ ಎಂದು ಕೈ ಬಿಟ್ಟರು.